ಮುಂಬೈನ ಎರಡು ರಾತ್ರಿ: ಯಾವ ಪಂದ್ಯ ನೋಡೋದು?

2019ರ ಅಕ್ಟೋಬರ್ 4 ಮತ್ತು 5. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡ ಸ್ಯಾಕ್ರಮೆಂಟೊ ಕಿಂಗ್ಸ್ ತಮ್ಮ ಪ್ರೀಸೀಸನ್ (ಲೀಗ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳು) ಶುರು ಮಾಡಿದ್ದು ಮುಂಬೈಯಲ್ಲಿ, ಅದೇ ಲೀಗ್‌ನ ಇಂಡಿಯಾನಾ ಪೇಸರ್ಸ್ ವಿರುದ್ಧ. ಒಂದನ್ನೇ ನೋಡೋಕೆ ಪುರುಸೊತ್ತಿದ್ದರೆ ಕಣ್ಮುಚ್ಚಿ ಮೊದಲನೆಯದನ್ನೇ ಆರಿಸಿ. ಅಂಕ ಸಮವಾಗಿ 5 ನಿಮಿಷದ ಓವರ್‌ಟೈಮ್‌ವರೆಗೂ (ಹೆಚ್ಚುವರಿ ಆಟ) ಎಳೆದು, 132–131ರಲ್ಲಿ ಪೇಸರ್ಸ್ ಗೆದ್ದರು. ಸ್ಟ್ಯಾಂಡ್ ತುಂಬ ಶಾಲಾ ಮಕ್ಕಳು. ಯಾರು ಬುಟ್ಟಿಗೆ ಹಾಕಿದರೂ ಅದೇ ಕಿರುಚಾಟ, ಪಕ್ಷಪಾತವೇ ಇಲ್ಲ! ಪೇಸರ್ಸ್‌ನ ಟಿ.ಜೆ. ವಾರೆನ್ ಅಂತೂ ನೀರು ಕುಡಿದಷ್ಟು ಸಲೀಸಾಗಿ ಅಂಕ ಕಲೆಹಾಕಿದ.

ಎರಡನೆಯದನ್ನೂ ಪೇಸರ್ಸ್ ಗೆದ್ದರು, 130–106. ಕಿಂಗ್ಸ್ ಅಭಿಮಾನಿಯಾದರೆ ಬಿಟ್ಟುಬಿಡಿ, ಹೊಟ್ಟೆ ಉರಿಯುತ್ತೆ. ಪೇಸರ್ಸ್‌ನ ಸಬೋನಿಸ್ ಆಟ ಇಷ್ಟವಾದರೆ ಮಾತ್ರ ಎರಡನ್ನೂ ನೋಡಿ: ಅಂದು ಎದುರಾಳಿಯಾಗಿದ್ದವನು 2022ರಲ್ಲಿ ಕಿಂಗ್ಸ್‌ಗೇ ಬಂದ. ಪೇಸರ್ಸ್‌ನ ತಾರೆ ಓಲಾಡಿಪೊಗಾಗಿ ಹುಡುಕಬೇಡಿ, ಗಾಯವಾಗಿ ಹೊರಗಿದ್ದ.