ಮೇಲ್ ಬೇರೆ ಕಡೆ ಬದಲಾಯಿಸುವ ಮುಂಚೆ ಸಿಪ್ಯಾನೆಲ್‌ನ ಈ ಸೆಟ್ಟಿಂಗ್ ನೋಡಿಕೊಳ್ಳಿ
ವೆಬ್‌ಸೈಟ್ ಒಂದು ಕಡೆ, ಇಮೇಲ್ ಇನ್ನೊಂದು ಕಡೆ ಇಟ್ಟುಕೊಂಡವರು ದಯವಿಟ್ಟು ಓದಿ. ಸಿಪ್ಯಾನೆಲ್ ಅಂದರೆ ಹೋಸ್ಟಿಂಗ್ ಖಾತೆ ನಿಭಾಯಿಸುವ ಕಂಟ್ರೋಲ್ ಪ್ಯಾನೆಲ್. ನಮ್ಮ ಭಾವ ಅಡಿಕೆ ಹಾಳೆ ತಟ್ಟೆ ಮಾಡಿ ಮಾರುತ್ತಾರೆ. ಮದುವೆ ಸೀಸನ್‌ನ ಒಳ್ಳೊಳ್ಳೆ ಆರ್ಡರ್‌ಗಳೇ ಅವರ ಕೈತಪ್ಪಿದವು.

ಅವರ ಸೈಟ್ ಒಂದು ಶೇರ್ಡ್ ಹೋಸ್ಟಿಂಗ್‌ನಲ್ಲಿದೆ, ಅಂದರೆ ಹಲವರ ಸೈಟ್‌ಗಳು ಒಂದೇ ಸರ್ವರಿನಲ್ಲಿ. ಮೇಲ್ ಕೂಡ ಅಲ್ಲೇ ಇತ್ತು. ಮೇಲ್ ಮಾತ್ರ ಗೂಗಲ್ ವರ್ಕ್‌ಸ್ಪೇಸ್‌ಗೆ (ಸ್ವಂತ ಡೊಮೇನಿಗೆ ಗೂಗಲ್ ಕೊಡುವ ಮೇಲ್ ಸೇವೆ) ಹೋಗಲಿ ಅಂತ ಹೋಸ್ಟಿಂಗ್ ಕಂಪನಿಗೇ ದುಡ್ಡು ಕೊಟ್ಟು ಮಾಡಿಸಿದರು. ಕಂಪನಿಯವರು ಎಂಎಕ್ಸ್ ರೆಕಾರ್ಡ್ (ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಸಾಲು) ಬದಲಾಯಿಸಿ "ಆಯ್ತು ಸರ್" ಅಂದರು. ಜಿಮೇಲ್‌ನಿಂದ ಕಳಿಸಿ ನೋಡಿದರೆ ಮೇಲ್ ಬರುತ್ತಿತ್ತು. ಸೈಟಿನ ವಿಚಾರಣೆ ಫಾರ್ಮ್ ತುಂಬಿದರೆ ಮಾತ್ರ ಏನೂ ಇಲ್ಲ. ಎರರ್ ಇಲ್ಲ, ಬೌನ್ಸ್ ಇಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ. 'ನಿಮ್ಮ ಸಂದೇಶ ತಲುಪಿದೆ' ಅಂತ ಗಿರಾಕಿಗೆ ಹಸಿರು ಅಕ್ಷರದಲ್ಲಿ ಬೇರೆ ತೋರಿಸುತ್ತಿತ್ತು!

ಸಪೋರ್ಟ್‌ನವರನ್ನು ಕೇಳಿದರೆ, ಡಿಎನ್‌ಎಸ್ (ಡೊಮೇನಿನ ವಿಳಾಸ ಪಟ್ಟಿ) ಬದಲಾವಣೆಗೆ 48 ಗಂಟೆ ಬೇಕು, ಕಾಯಿರಿ ಅಂದರು. ಕಾದದ್ದಾಯಿತು. ಆಮೇಲೆ ಫಾರ್ಮ್ ಪ್ಲಗಿನ್ ಸರಿಯಿಲ್ಲ ಅಂದರು. ಕೊನೆಗೆ, ಇದ್ದ ಎಸ್‌ಪಿಎಫ್ (ಈ ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಹೇಳುವ ಡಿಎನ್‌ಎಸ್ ಸಾಲು) ಜೊತೆಗೆ ಇನ್ನೊಂದು ಎಸ್‌ಪಿಎಫ್ ಸಾಲು ಸೇರಿಸಿದರು. ಇದಂತೂ ಗಾಯದ ಮೇಲೆ ಬರೆ. ಒಂದು ಡೊಮೇನಿಗೆ ಎಸ್‌ಪಿಎಫ್ ರೆಕಾರ್ಡ್ ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ, 'ಪರ್ಮ್‌ಎರರ್' ಅನ್ನುವ ತಪ್ಪು ಬರುತ್ತದೆ. ಡಿಕಿಮ್ (ಮೇಲ್ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿ) ಕೂಡ ಹಾಕಿರಲಿಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಇದರಲ್ಲಿ ಬಿಗಿಯಾಗಿವೆ. ಭಾವ ಕಳಿಸುವ ಕೊಟೇಶನ್‌ಗಳೂ ಗಿರಾಕಿಗಳ ಸ್ಪ್ಯಾಮ್‌ಗೆ ಬೀಳತೊಡಗಿದವು.

ಸುಳಿವು ಸಿಕ್ಕಿದ್ದು ಪ್ಯಾಕಿಂಗ್ ಡಬ್ಬ ಪ್ರಿಂಟ್ ಮಾಡಿಕೊಡುವವರಿಂದ. ಅವರ ಮೇಲ್ ಕೂಡ ಬರುತ್ತಿರಲಿಲ್ಲ. ವಿಚಾರಿಸಿದರೆ ಅವರ ಸೈಟೂ ಅದೇ ಹೋಸ್ಟಿಂಗ್, ಅದೇ ಸರ್ವರ್. ಅಂದರೆ ಆ ಸರ್ವರ್ ಒಳಗಿಂದ ಹೊರಟ ಮೇಲ್ ಆಚೆಗೇ ಬರುತ್ತಿಲ್ಲ, ಅಲ್ವಾ? ಸಿಪ್ಯಾನೆಲ್‌ನಲ್ಲಿ 'ಟ್ರ್ಯಾಕ್ ಡೆಲಿವರಿ' ತೆರೆದು ನೋಡಿದೆ. ಎಲ್ಲ ಮೇಲ್ ತಲುಪಿದೆ ಅಂತಲೇ ಇತ್ತು, ಆದರೆ ಅದೇ ಸರ್ವರಿನ ಹಳೆ ಮೇಲ್‌ಬಾಕ್ಸಿಗೆ. ಹಳೆ ವೆಬ್‌ಮೇಲ್‌ಗೆ ಲಾಗಿನ್ ಆದರೆ ಅಷ್ಟೂ ವಿಚಾರಣೆಗಳು ಅಲ್ಲೇ ಬಿದ್ದಿದ್ದವು. ಅಷ್ಟರಲ್ಲಿ ಆ ಮದುವೆಗಳ ಊಟವೇ ಮುಗಿದಿತ್ತು.

ಕಾರಣ ಸಿಪ್ಯಾನೆಲ್‌ನ 'ಇಮೇಲ್ ರೂಟಿಂಗ್' ಸೆಟ್ಟಿಂಗ್. ಅಲ್ಲಿ 'ಲೋಕಲ್ ಮೇಲ್ ಎಕ್ಸ್‌ಚೇಂಜರ್' ಅಂತ ಇದ್ದರೆ ಸರ್ವರ್ ಎಂಎಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಈ ಡೊಮೇನ್ ನನ್ನದೇ ಅಂದುಕೊಂಡು ಮೇಲನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. 'ರಿಮೋಟ್ ಮೇಲ್ ಎಕ್ಸ್‌ಚೇಂಜರ್' ಆರಿಸಿ ಸೇವ್ ಮಾಡಿದೆ, ಮುಂದಿನ ಫಾರ್ಮ್ ನೇರ ಗೂಗಲ್ ಇನ್‌ಬಾಕ್ಸಿಗೆ ಬಂತು. 'ಆಟೊಮ್ಯಾಟಿಕ್' ಅನ್ನುವ ಆಯ್ಕೆಯೂ ಇದೆ. ನಾನಂತೂ ಅದನ್ನು ನಂಬಿ ಕೂರುವುದಿಲ್ಲ.

ಎಸ್‌ಪಿಎಫ್‌ಗೆ ಗೂಗಲ್‌ನ 'ಇನ್‌ಕ್ಲೂಡ್' (ಗೂಗಲ್ ಸರ್ವರ್‌ಗಳಿಗೆ ಒಪ್ಪಿಗೆ ಕೊಡುವ ಭಾಗ) ಮತ್ತು ಹೋಸ್ಟಿಂಗ್ ಸರ್ವರಿನ ಐಪಿ ಎರಡನ್ನೂ ಒಂದೇ ಸಾಲಿಗೆ ಸೇರಿಸಿ. ಫಾರ್ಮಿನ ಮೇಲ್ ಹೊರಡುವುದು ಆ ಸರ್ವರಿನಿಂದಲೇ ತಾನೆ. ಹಳೆ ಮೇಲ್‌ಬಾಕ್ಸನ್ನು ಸುಮ್ನೆ ಅಳಿಸಬೇಡಿ, ಒಳಗಿರುವುದೆಲ್ಲ ಹೋಗುತ್ತದೆ. ಅಳಿಸಿದ ಮೇಲೂ ರೂಟಿಂಗ್ ಲೋಕಲ್ ಆಗಿಯೇ ಉಳಿದಿದ್ದರೆ, ಅದೇ ಸರ್ವರಿನಿಂದ ಕಳಿಸಿದವರಿಗೆ 'ನೋ ಸಚ್ ಯೂಸರ್ ಹಿಯರ್' ಅಂತ ವಾಪಸ್ ಹೋಗುತ್ತದೆ. ಮೊದಲು ಓದಿ, ಕಾಪಿ ಇಟ್ಟುಕೊಳ್ಳಿ. ಯಾರಾದರೂ ನಿಮಗೆ ಮೇಲ್ ಬದಲಾಯಿಸಿಕೊಟ್ಟರೆ ಜಿಮೇಲ್‌ನಿಂದ ಕಳಿಸಿ ತೋರಿಸಿದ್ದಕ್ಕೆ ಒಪ್ಪಬೇಡಿ. ನಿಮ್ಮ ಸೈಟಿನ ಫಾರ್ಮನ್ನು ಅವರ ಎದುರೇ ತುಂಬಿ, ಮೇಲ್ ಬಂದ ಮೇಲೆ ದುಡ್ಡು ಕೊಡಿ.