ವಾಲ್ವ್ ಆಂಪ್ ಒಳಗೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿಕೊಡ್ತಾರೆ, ಹುಷಾರು

ಮಡಿಕೇರಿ, ವಿರಾಜಪೇಟೆ ಕಡೆ ವಾಲ್ವ್ ಗಿಟಾರ್ ಆಂಪ್ (ಗಾಜಿನ ವಾಲ್ವ್ ಬಳಸಿ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಇಟ್ಟುಕೊಂಡವರು ದಯವಿಟ್ಟು ಓದಿ. ರಿಪೇರಿಗೆ ಕೊಟ್ಟ ಆಂಪ್ ವಾಪಸ್ ಬಂದಿದ್ದರೆ, ಕ್ಯಾಬಿನೆಟ್ಟಿನ ಮೇಲ್ಹಲಗೆಯ ಒಳಮೈಗೆ ಎಸಿ ಡಕ್ಟಿಗೆ ಸುತ್ತುವ ಅಲ್ಯುಮಿನಿಯಂ ಟೇಪ್ ಅಂಟಿಸಿದ್ದಾರಾ ಎಂದು ಮೊದಲು ಕೇಳಿ. ಹೌದು ಅಂದರೆ ಪ್ಲಗ್ ಹಾಕಬೇಡಿ.

ನನ್ನದು ಚಾಸಿಯನ್ನು (ಸರ್ಕ್ಯೂಟ್ ಕೂರಿಸಿದ ಲೋಹದ ತಟ್ಟೆ) ತಲೆಕೆಳಗಾಗಿ ನೇತುಹಾಕಿದ ಕಾಂಬೊ, ಅಂದರೆ ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವುದು. ವಾಲ್ವ್‌ಗಳು ಕೆಳಮುಖ, ಸರ್ಕ್ಯೂಟ್ ಇರುವ ತೆರೆದ ಬದಿ ಮೇಲ್ಮುಖ. ಆ ತೆರೆದ ಬದಿಗೆ ಮುಚ್ಚಳದ ಹಾಗೆ ಮೇಲ್ಹಲಗೆಯಲ್ಲಿ ಒಂದು ಲೋಹದ ಹಾಳೆ ಇರಬೇಕು, ಹೊರಗಿನ ಗುಂಯ್ ಸದ್ದು ಒಳಗೆ ಹೊಗದಂತೆ ತಡೆಯುವ ಶೀಲ್ಡ್ ಅದೇ. ನಮ್ಮೂರಿನ ಥಂಡಿಗೆ ಮೊದಲಿದ್ದ ಹಾಳೆ ಪುಡಿಪುಡಿಯಾಗಿ ಉದುರಿತ್ತು, ಗುಂಯ್ ಸದ್ದು ಜಾಸ್ತಿಯಾಗಿತ್ತು. ರಿಪೇರಿಯವರು "ಹೊಸ ಶೀಲ್ಡಿಂಗ್ ಹಾಕಿದೀನಿ ಸಾರ್, ಇಂಪೋರ್ಟೆಡ್ ಐಟಂ" ಅಂತ ಚೆನ್ನಾಗಿಯೇ ಬಿಲ್ ಮಾಡಿದರು. ಸದ್ದು ಮಾತ್ರ ಹಾಗೇ ಇತ್ತು.

ಮಳೆ ಹಿಡಿದ ಮೇಲೆ ಒಂದು ಸಂಜೆ ನುಡಿಸುತ್ತಿದ್ದಾಗ ಚಟ್ ಅಂದು ಫ್ಯೂಸ್ ಹೋಯಿತು. ಮೈಸೂರಿನಲ್ಲಿ ಕೆಲಸ ಬಲ್ಲ ಒಬ್ಬರು ಬಿಚ್ಚಿ ತೋರಿಸಿದರು: ಟೇಪಿನ ಒಂದು ಪಟ್ಟಿ ಬಿಸಿಗೂ ಥಂಡಿಗೂ ಅಂಟು ಬಿಟ್ಟು, ತುದಿ ಸುರುಳಿಯಾಗಿ ಜೋತು ಸರ್ಕ್ಯೂಟ್ ಮೇಲೆ ಬಿದ್ದಿತ್ತು. ತಾಗಿದ ಕಡೆ ಕಪ್ಪಗೆ ಸುಟ್ಟ ಚುಕ್ಕೆ, ಪಕ್ಕದಲ್ಲೇ ಹೊಟ್ಟೆ ಸೀಳಿದ ರೆಸಿಸ್ಟರ್. ಅಲ್ಲಿ ಓಡುವುದು 400 ವೋಲ್ಟ್ ಆಸುಪಾಸಿನ ಡಿಸಿ. ಫ್ಯೂಸ್ ಸರಿಯಾದ್ದಿತ್ತು, ಬಚಾವ್.

ಸದ್ದು ಯಾಕೆ ಕಮ್ಮಿಯಾಗಿರಲಿಲ್ಲ ಅನ್ನುವುದು ಮಲ್ಟಿಮೀಟರ್ ಇಟ್ಟಾಗ ಗೊತ್ತಾಯಿತು. ಎರಡು ಕಡೆಯ ನಡುವೆ ಕರೆಂಟಿಗೆ ದಾರಿ ಇದ್ದರೆ ಅದು ಬೀಪ್ ಅನ್ನುತ್ತದೆ. ಒಂದೇ ಪಟ್ಟಿಯ ಎರಡು ತುದಿಗೆ ಬೀಪ್ ಬರುತ್ತದೆ, ಪಕ್ಕದ ಪಟ್ಟಿಗೆ ಬರುವುದಿಲ್ಲ. ಆ ಟೇಪಿನ ಅಂಟಿನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ! ಒಂದರ ಮೇಲೊಂದು ಅಂಟಿಸಿದರೂ ಪ್ರತಿ ಪಟ್ಟಿಯೂ ಬೇರೆ ಬೇರೆಯೇ. ಚಾಸಿಗಂತೂ ಯಾವುದೂ ತಾಗಿರಲಿಲ್ಲ. ಅರ್ತ್‌ಗೆ ಸೇರದ ಲೋಹ ಶೀಲ್ಡ್ ಆಗುವುದಿಲ್ಲ. ಕೆಲವೊಮ್ಮೆ ಸದ್ದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿಬಿಡುತ್ತದೆ. ಶೀಟಿನ ಮಾಡಿನ ಕೆಳಗೆ ಹಾಕುವ ಮಿರಮಿರ ಬಬಲ್ ಶೀಟೂ ಇದಕ್ಕಾಗದು. ಅದರ ಮೇಲ್ಮೈ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ, ಮೇಲಾಗಿ ವಾಲ್ವ್ ಬಿಸಿಯ ಹತ್ತಿರ ಅಂಥದ್ದು ಬೇಡ. ತಾಮ್ರದ ಟೇಪಿನಲ್ಲಿ ಕರೆಂಟ್ ಹರಿಯುವ ಅಂಟಿನದ್ದು ಸಿಗುತ್ತದೆ. ಗಿಟಾರ್ ಒಳಗೆ ಹಾಕಲು ಅದು ಸೊಗಸು. ತೆರೆದ ಸರ್ಕ್ಯೂಟಿನ ನೆತ್ತಿಯ ಮೇಲೆ ಮಾತ್ರ ಬರೀ ಅಂಟನ್ನು ನಂಬಿ ಯಾವ ಟೇಪನ್ನೂ ನಾನು ಬಿಡುವುದಿಲ್ಲ.

ಈಗ ಹಾಕಿಸಿರುವುದು ಒಂದೇ ತುಂಡಿನ ಜಿಐ ಶೀಟ್. ಮಾಡಿನ ಅಂಚಿಗೆ ಮಳೆನೀರಿನ ತಗಡಿನ ದೋಣಿ ಮಾಡಿಕೊಡುವವರೇ ಅಳತೆಗೆ ಕತ್ತರಿಸಿ, ಅಂಚು ಮಡಚಿಕೊಟ್ಟರು. ಹಲಗೆಗೆ ಸ್ಕ್ರೂ ಹೊಡೆದಿದೆ, ಚಾಸಿ ಬಿಗಿ ಮಾಡಿದಾಗ ಅದರ ತುಟಿ ತಗಡಿಗೆ ಒತ್ತಿ ಕೂರುತ್ತದೆ. ಅಲ್ಯುಮಿನಿಯಂ ತಗಡೂ ನಡೆಯುತ್ತದೆ, ಆದರೆ ಉಕ್ಕಿನ ಚಾಸಿಗೆ ತಾಗುವ ಕಡೆ ನಮ್ಮ ತೇವಕ್ಕೆ ಬೂದು ಪುಡಿ ಕಟ್ಟಿ ಸಂಪರ್ಕ ತಪ್ಪಬಹುದು. ಆಗಾಗ ಉಜ್ಜಬೇಕು. ಯಾವುದೇ ಆಗಲಿ, ಮೂಲೆಯಿಂದ ಮೂಲೆಗೆ, ತಗಡಿನಿಂದ ಚಾಸಿಗೆ, ಚಾಸಿಯಿಂದ ಪ್ಲಗ್ಗಿನ ಅರ್ತ್ ಪಿನ್ನಿಗೆ ನಿಮ್ಮ ಕಣ್ಣೆದುರೇ ಮೀಟರ್ ಇಡಿಸಿ. ಆಮೇಲೆ ದುಡ್ಡು.

ಇಷ್ಟಾದರೂ ಎಲ್ಲ ಸದ್ದೂ ಇದರಿಂದ ಹೋಗುವುದಿಲ್ಲ. ಗಿಟಾರ್ ಕೇಬಲ್ ಕಿತ್ತರೆ ನಿಲ್ಲುವ ಸದ್ದು ಗಿಟಾರಿನದ್ದೋ ಕೇಬಲ್ಲಿನದ್ದೋ ಇರುತ್ತದೆ. ಫಿಲ್ಟರ್ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಡಿಸಿಯನ್ನು ನಯ ಮಾಡುವ ಭಾಗ) ಹಳತಾಗಿ ಬರುವ ಗುಂಯ್‌ಗೆ ತಗಡು ಏನೂ ಮಾಡದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟದಲ್ಲಿ ಸ್ಪ್ರಿಂಕ್ಲರ್ ಮೋಟರ್ ಶುರುವಾದಾಗ ಕೇಳುವ ಚಟಪಟ ಹೆಚ್ಚಾಗಿ ಕರೆಂಟ್ ಲೈನಿನಲ್ಲೇ ಬರುತ್ತದೆ. ಸದ್ದು ತಡೆಯಲಾರದೆ ಅರ್ತ್ ಪಿನ್ ಮುರಿದು ಹಾಕುವವರಿದ್ದಾರೆ, ಅದು ಜೀವಕ್ಕೇ ಸಂಚಕಾರ.

ನನ್ನ ರಿಪೇರಿಯವರು ಫೋನ್ ಎತ್ತುತ್ತಿಲ್ಲ, ದುಡ್ಡು ಹೋದಂತೆಯೇ. ನಿಮ್ಮ ಆಂಪಲ್ಲೂ ಈ ಟೇಪ್ ಇದ್ದರೆ ಹಿಂದಿನ ಹಲಗೆ ಬಿಚ್ಚಿ ನೀವೇ ಕೈ ಹಾಕಿ ಕೀಳಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕುವವರ ಹತ್ತಿರ ಒಯ್ಯಿರಿ.