ನೇತ್ರಾಣಿಗೆ ಡೈವಿಂಗ್: ಫೈಬರ್ ಬೋಟಾ, ಮರದ ಬೋಟಾ?

ತಂಗಿ ಜನವರಿಗೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗ್ತಾಳೆ, ಯಾವ ಬೋಟ್ ಒಳ್ಳೇದು ಅಂತ ಒಂದೇ ಸಮನೆ ಕೇಳ್ತಿದಾಳೆ. ನಾನು ಎರಡು ಸಲ ಹೋಗಿದೀನಿ, ಒಂದು ಸಲ ಫೈಬರ್ ಸ್ಪೀಡ್ ಬೋಟಲ್ಲಿ, ಇನ್ನೊಂದು ಸಲ ದೊಡ್ಡ ಮರದ ಬೋಟಲ್ಲಿ, ಅದಕ್ಕೇ ಇಲ್ಲೇ ಬರೀತೀನಿ, ಬೇರೆಯವರಿಗೂ ಉಪಯೋಗ ಆಗ್ಲಿ.

ಮುರುಡೇಶ್ವರದಿಂದ ದ್ವೀಪಕ್ಕೆ ಹೆಚ್ಚುಕಡಿಮೆ 19 ಕಿಲೋಮೀಟರ್. ಫೈಬರ್ ಬೋಟ್ ಮುಕ್ಕಾಲು ಗಂಟೇಲಿ ಮುಟ್ಟಿಸ್ತು, ಆದ್ರೆ ಹಗುರ ಬೋಟಲ್ವಾ, ಒಂದೊಂದು ತೆರೆಗೂ ಎದ್ದು ಧಪ್ ಅಂತ ಬೀಳತ್ತೆ, ಸೊಂಟ ಎರಡು ದಿನ ನೋವು, ಮೇಲೆ ನೆರಳಿಲ್ಲ, ಸಿಲಿಂಡರ್‌ಗಳನ್ನ ಒಂದೇ ಹಗ್ಗಕ್ಕೆ ಕಟ್ಟಿದ್ರು, ಅದು ಸಡಿಲ ಆಗಿ ಕಾಲ ಹತ್ರ ಉರುಳ್ತಾ ಇತ್ತು. ಮರದ ಬೋಟ್ ಒಂದೂವರೆ ಗಂಟೆ ತಗೊಳ್ತು, ನಿಧಾನಕ್ಕೆ ತೂಗಾಡತ್ತೆ, ಹಿಂದೆ ಕೂತ್ರೆ ಡೀಸೆಲ್ ಹೊಗೆ ಮುಖಕ್ಕೇ ಬರತ್ತೆ, ನಾನು ಎರಡು ಸಲ ವಾಂತಿ ಮಾಡಿದೆ. ಆದ್ರೂ ಜಾಗ ವಿಶಾಲ, ನೆರಳಿತ್ತು, ಸಿಲಿಂಡರ್‌ಗಳು ಸ್ಟ್ಯಾಂಡಲ್ಲಿ ಗಟ್ಟಿಯಾಗಿ ನಿಂತಿದ್ವು.

ನನಗೆ ನಿಜವಾಗ್ಲೂ ಭಯ ಆಗಿದ್ದು ನೀರಿಂದ ವಾಪಸ್ ಹತ್ತುವಾಗ. ಫೈಬರ್ ಬೋಟಲ್ಲಿ ಏಣಿ ಹಿಂದೆ, ಇಂಜಿನ್ ಪಕ್ಕದಲ್ಲೇ, ನಾನು ಏಣಿ ಹಿಡಿದಾಗ ಇಂಜಿನ್ ಗುಡುಗುಡು ಅಂತ ಓಡ್ತಾನೇ ಇತ್ತು. ಗೇರ್ ಹಾಕಿರ್ಲಿಲ್ಲ ನಿಜ, ಆದ್ರೆ ಯಾರದೋ ಕೈ ತಗುಲಿ ಗೇರ್ ಬಿದ್ದಿದ್ರೆ ನೀರೊಳಗೆ ತಿರುಗೋ ಫ್ಯಾನ್ ನನ್ನ ಕಾಲಿಂದ ಎರಡೇ ಅಡಿ ದೂರ ಕಣ್ರೀ. ಮರದ ಬೋಟಲ್ಲಿ ತಾಂಡೇಲರು, ಅಂದ್ರೆ ಬೋಟ್ ನಡೆಸೋರು, ಇಂಜಿನ್ ಆಫ್ ಮಾಡಿ ಕೈ ಎತ್ತಿ ತೋರ್ಸೋ ತನಕ ಇನ್‌ಸ್ಟ್ರಕ್ಟರ್ ನಮ್ಮನ್ನ ಏಣಿ ಹತ್ರಾನೂ ಬಿಡ್ಲಿಲ್ಲ.

ಇನ್ನು ಎಣಿಕೆ. ಮೊದಲ್ನೇ ಬೋಟಲ್ಲಿ "ಎಲ್ರೂ ಬಂದ್ರಾ?" ಅಂತ ಒಂದು ಕೂಗು, ಹೊರಟೇಬಿಟ್ರು. ಎರಡನೇದ್ರಲ್ಲಿ ಪಟ್ಟಿ ಹಿಡ್ಕೊಂಡು ಹೆಸರು ಕರೆದ್ರು, ಅವರವರೇ ಓಗೊಡಬೇಕು, ಗೆಳೆಯ ಹೇಳಿದ್ರೆ ನಡೆಯಲ್ಲ. ಇದು ಅತಿ ಅನ್ಸಬೋದು, ಆದ್ರೆ 1998ರ ಜನವರಿಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಲ್ಲಿ ಎಣಿಕೆ ತಪ್ಪಿ ಒಂದು ಅಮೆರಿಕನ್ ದಂಪತಿನ ಸಮುದ್ರದಲ್ಲೇ ಬಿಟ್ಟು ಬಂದ್ರು, ಬೋಟಲ್ಲಿ ಉಳಿದಿದ್ದ ಅವರ ಬ್ಯಾಗ್ ನೋಡಿ ಗೊತ್ತಾಗೋಷ್ಟ್ರಲ್ಲಿ ಎರಡು ದಿನ ಆಗಿತ್ತು, ಅವರು ಸಿಗಲೇ ಇಲ್ಲ.

ಆಕ್ಸಿಜನ್ ಬಗ್ಗೆನೂ ಕೇಳಿ. ಬೆನ್ನಿಗೆ ಹಾಕೋ ಸಿಲಿಂಡರಲ್ಲಿ ಇರೋದು ಸಾಮಾನ್ಯವಾಗಿ ನಾವು ಉಸಿರಾಡೋ ಗಾಳೀನೇ, ಆಕ್ಸಿಜನ್ ಅದ್ರಲ್ಲಿ 21% ಅಷ್ಟೆ, ಬೇಗ ಮೇಲೆ ಬಂದು ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಆದ್ರೆ ಮೊದಲು ಕೊಡಬೇಕಾದ್ದು ಶುದ್ಧ ಆಕ್ಸಿಜನ್, ಅದಕ್ಕೆ ಬೇರೆ ಕಿಟ್ಟೇ ಬೇಕು. ಫೈಬರ್ ಬೋಟಲ್ಲಿ ಕೇಳಿದ್ದಕ್ಕೆ "ದಡದಲ್ಲಿದೆ" ಅಂದ್ರು. ದಡದಲ್ಲಿದ್ದು ಏನು ಪ್ರಯೋಜನ?

ಮರದ್ದು ಅಂದ ತಕ್ಷಣ ಸೇಫ್ ಅಂತಲ್ಲ, ಮೇಲಿರೋ ಜನ ಹೇಗಿದಾರೆ ಅನ್ನೋದೇ ಮುಖ್ಯ, ಇದೇ ಶಿಸ್ತು ಇರೋ ಫೈಬರ್ ಬೋಟ್ ಸಿಕ್ಕಿದ್ರೆ ಅದನ್ನೂ ಬೇಡ ಅನ್ನಲ್ಲ. ತಂಗಿಗೆ ಸದ್ಯಕ್ಕೆ ಆ ಮರದ ಬೋಟೇ ಬುಕ್ ಮಾಡಿದೀನಿ, ಬೆಳಗಿನ ಮೊದಲ್ನೇ ಟ್ರಿಪ್, ಮಧ್ಯಾಹ್ನ ಆದ್ರೆ ಗಾಳಿ ಏಳತ್ತೆ. ನಡುವಲ್ಲಿ ಕೂತ್ಕೋ, ವಾಂತಿ ಮಾತ್ರೆ ಡಾಕ್ಟರನ್ನ ಕೇಳೇ ತಗೋ, ಕೆಲವಕ್ಕೆ ನಿದ್ದೆ ಬರತ್ತೆ, ಹತ್ತೋ ಮುಂಚೆ ಆ ಆಕ್ಸಿಜನ್ ಡಬ್ಬ ತೆಗೆಸಿ ತುಂಬಿದ್ಯಾ ಅಂತ ಮೀಟರ್ ಮುಳ್ಳು ಎಲ್ಲಿದೆ ನೋಡು ಅಂತ ಹೇಳಿದೀನಿ.